ಇಪ್ಪತ್ತು ವರ್ಷ ಮೆಚ್ಚಿದ ಭಾಗವತರ ಪದ್ಯ ಈಗ ಯಾಕೆ ಬೇಡ ಅನ್ನಿಸುತ್ತಿದೆ?

ಪ್ರಶ್ನೆ: ಮೇಡಂ, ನನಗೆ ನಲವತ್ತಮೂರು ವರ್ಷ. ಕುಮಟಾ ಹತ್ತಿರ ಬೈಕ್ ರಿಪೇರಿ ಗ್ಯಾರೇಜು ಇದೆ. ಇಪ್ಪತ್ತು ವರ್ಷದಿಂದ ಯಕ್ಷಗಾನದಲ್ಲಿ ಪದ್ಯ ಹಾಡುವ ಒಬ್ಬರೇ ಭಾಗವತರನ್ನು ಹಚ್ಚಿಕೊಂಡವನು ನಾನು. ಅಂಕೋಲೆಯಿರಲಿ, ಸಿದ್ದಾಪುರವಿರಲಿ, ಅವರ ಆಟ ಇದೆ ಅಂದರೆ ಅಂಗಡಿ ಮುಚ್ಚಿ ಬೈಕ್ ಹತ್ತುತ್ತಿದ್ದೆ. ಫೋನಿನ ತುಂಬ ಅವರ ಪದ್ಯಗಳೇ. ಬೆಳಿಗ್ಗೆಯಿಂದ ಸಂಜೆವರೆಗೆ ಗ್ಯಾರೇಜಿನಲ್ಲಿ ಅದೇ ಹಾಡುತ್ತಿರುತ್ತಿತ್ತು. ಅವರ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಹೋದ ವರ್ಷದಿಂದ ಏನಾಯಿತೋ ಗೊತ್ತಿಲ್ಲ. ಅವರ ಪದ್ಯ ಶುರುವಾದರೆ ಕೈ ತಾನಾಗಿ ಹೋಗಿ ಬಂದ್ ಮಾಡುತ್ತದೆ. ಸ್ವರ ಕರ್ಕಶ ಅನ್ನಿಸುತ್ತದೆ. ಸಿನಿಮಾ ಧಾಟಿ ಜಾಸ್ತಿಯಾಯಿತು ಅಂತಲೂ ಅನ್ನಿಸುತ್ತದೆ. ಗುಂಪಿನವರು ಮಾತ್ರ ಮೊದಲಿಗಿಂತ ಚೆನ್ನಾಗಿ ಹಾಡುತ್ತಿದ್ದಾರೆ ಅನ್ನುತ್ತಾರೆ. ಈಗ ಒಬ್ಬ ಹೊಸ ಹುಡುಗನ ಭಾಗವತಿಕೆಯನ್ನು ಕದ್ದು ಕೇಳುತ್ತಿದ್ದೇನೆ. ಹೋದ ಸಲ ಕಲಾವಿದರು ವೇಷ ಕಟ್ಟುವ ಚೌಕಿಗೆ ಹೋಗಿ ನಮ್ಮ ಭಾಗವತರನ್ನು ಮಾತಾಡಿಸಿದಾಗ ಅವರಿಗೆ ನನ್ನ ಗುರುತೇ ಹತ್ತಲಿಲ್ಲ, ಅದು ಬೇರೆ ವಿಷಯ. ನಾನು ಉಪಕಾರ ಮರೆತವನಾ? ಆ ಪ್ರೀತಿ ಮತ್ತೆ ಬರುತ್ತದಾ? ಅಲ್ಲಿಯವರೆಗೆ ಗ್ಯಾರೇಜಿನಲ್ಲಿ ಏನು ಹಾಕಲಿ?

ಉತ್ತರ: ನೀವು ಉಪಕಾರ ಮರೆತವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಸಂಗೀತದ ಪ್ರಶ್ನೆಗಿಂತ ಈ ಅಳುಕೇ ದೊಡ್ಡದಾಗಿ ಕಂಡಿತು. ಶಿರಸಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹಿಂದೂಸ್ತಾನಿ ಗಾಯನ ಕಲಿಸುತ್ತಿದ್ದೇನೆ. ನಮ್ಮಪ್ಪ ಮದ್ದಳೆ ಬಾರಿಸುತ್ತಿದ್ದರು. ಆಟದ ಹಿಮ್ಮೇಳ ಕೇಳುತ್ತಲೇ ಬೆಳೆದವಳು ನಾನು. ಸಂಗೀತ ಕೇಳುವಾಗ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಬಗ್ಗೆ ಬಹಳ ವರ್ಷದಿಂದ ಓದುತ್ತ ಬಂದಿದ್ದೇನೆ. ನಿಮಗೆ ಆಗಿರುವುದು ಕೇಳುಗರಲ್ಲಿ ತುಂಬಾ ಜನಕ್ಕೆ ಆಗುತ್ತದೆ. ಹೇಳಿಕೊಳ್ಳುವವರು ಕಡಿಮೆ, ಅಷ್ಟೇ.

ನಮ್ಮ ಕಡೆ ಹಲಸಿನ ಕಾಲ ಹೇಗಿರುತ್ತದೆ ನೋಡಿ. ಮೊದಲ ಹಣ್ಣು ಕೊಯ್ದ ದಿನ ಮನೆಯವರೆಲ್ಲ ಸುತ್ತ ಕೂರುತ್ತಾರೆ. ಆಮೇಲೆ ಹಣ್ಣು, ಕಡುಬು, ಪಲ್ಯ, ಹಪ್ಪಳ. ಮಳೆ ಹಿಡಿಯುವ ಹೊತ್ತಿಗೆ ಅಂಗಳದಲ್ಲಿ ಹಣ್ಣಿನ ವಾಸನೆ ಬಂದರೆ ಸಾಕು, ಬೇಡಪ್ಪ ಅನ್ನಿಸುತ್ತದೆ. ಮರ ಅದೇ, ರುಚಿಯೂ ಅದೇ. ಮುಂದಿನ ವರ್ಷ ಚೈತ್ರ ಕಳೆಯುವುದೇ ತಡ, ಮತ್ತೆ ಅದೇ ಮರದ ಬುಡದಲ್ಲಿ ನಿಂತು ಮೇಲೆ ನೋಡುತ್ತೇವೆ. ನಡುವೆ ಹಲಸು ಇಲ್ಲದ ತಿಂಗಳುಗಳು ಬಂದುಹೋಗಿರುತ್ತವೆ ಅಲ್ವಾ? ನಿಮ್ಮ ಭಾಗವತರ ವಿಷಯದಲ್ಲಿ ಅಂಥ ತಿಂಗಳುಗಳೇ ಇರಲಿಲ್ಲ.

ಇದನ್ನು ಮನಃಶಾಸ್ತ್ರದವರು ಚೆನ್ನಾಗಿ ನೋಡಿದ್ದಾರೆ. ರಾಬರ್ಟ್ ಝಾಯಂಕ್ ಎಂಬ ವಿದ್ವಾಂಸರು 1968ರಲ್ಲಿ ಒಂದು ವಿಷಯ ತೋರಿಸಿದರು: ಗೊತ್ತಿಲ್ಲದ ಒಂದು ವಸ್ತು ಮತ್ತೆ ಮತ್ತೆ ಎದುರಾದರೆ ಸಾಕು, ಅದರ ಮೇಲೆ ಒಲವು ಹುಟ್ಟುತ್ತದೆ. ಹೊಸ ಮಟ್ಟು ಮೊದಲ ಸಲಕ್ಕಿಂತ ನಾಲ್ಕನೇ ಸಲ ಹೆಚ್ಚು ಹಿಡಿಸುವುದು ಇದರಿಂದ. ಆದರೆ ಅದು ಹೀಗೇ ಏರುತ್ತ ಹೋಗುವುದಿಲ್ಲ. ಡೇನಿಯಲ್ ಬರ್ಲೈನ್ ಎಂಬುವರು 1970ರ ದಶಕದ ಶುರುವಿನಲ್ಲಿ ಇದಕ್ಕೆ ಒಂದು ಗುಡ್ಡದ ಆಕಾರ ಕೊಟ್ಟರು. ತೀರಾ ಹೊಸದು ಹಿಡಿಸುವುದಿಲ್ಲ. ಪರಿಚಯವಾಗುತ್ತ ಹೋದಂತೆ ಒಲವು ಏರುತ್ತದೆ. ತುದಿ ಮುಟ್ಟಿದ ಮೇಲೂ ಅದನ್ನೇ ಕೇಳುತ್ತಿದ್ದರೆ ಇನ್ನೊಂದು ಮಗ್ಗುಲಿನಿಂದ ಇಳಿಯುತ್ತದೆ. ಸರಳ ಹಾಡು ಬೇಗ ಇಳಿಯುತ್ತದೆ. ಒಳಗೆ ಜಾಸ್ತಿ ಕೆಲಸವಿರುವ ಹಾಡು ನಿಧಾನಕ್ಕೆ ಇಳಿಯುತ್ತದೆ. ಯಕ್ಷಗಾನದ ಪದ್ಯದಲ್ಲಿ ರಾಗ, ತಾಳ, ಮಟ್ಟು, ಚಂಡೆ ಮದ್ದಳೆಯ ನುಡಿತ ಎಲ್ಲ ಸೇರಿರುವುದರಿಂದಲೇ ಇಪ್ಪತ್ತು ವರ್ಷ ಬಂತು ಅಂತ ನನಗೆ ಅನ್ನಿಸುತ್ತದೆ. ಬರೀ ಚಲತಿ ಹಾಡಾಗಿದ್ದರೆ ಎರಡು ತಿಂಗಳಲ್ಲೇ ಸಾಕಾಗುತ್ತಿತ್ತು.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಕೆಲವರಿಗೆ ಅವರ ಮೈ ಜುಮ್ಮೆನ್ನಿಸುವ ಸಂಗೀತವನ್ನೇ ಕೇಳಿಸಿ, ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಖುಷಿಗೆ ಸಂಬಂಧಿಸಿದ ಡೋಪಮೀನ್ ಎಂಬ ರಾಸಾಯನಿಕ ಆ ಜುಮ್ಮೆನ್ನುವ ಕ್ಷಣದಲ್ಲಿ ಬಿಡುಗಡೆಯಾಗುತ್ತಿತ್ತು. ಅದಕ್ಕೂ ಕೆಲವು ಸೆಕೆಂಡು ಮೊದಲು, ಮಿದುಳಿನ ಬೇರೊಂದು ಭಾಗದಲ್ಲಿ, ಇನ್ನೇನು ಬರುತ್ತದೆ ಅಂತ ಕಾಯುವಾಗಲೂ ಬಿಡುಗಡೆಯಾಗುತ್ತಿತ್ತು. ಅಂದರೆ ಸಂಗೀತದ ಸುಖದಲ್ಲಿ ದೊಡ್ಡ ಪಾಲು ಕಾಯುವುದರಲ್ಲೇ ಇದೆ. ಬರುತ್ತದೆ ಅಂತ ಗೊತ್ತಿರಬೇಕು, ಹೇಗೆ ಬರುತ್ತದೆ ಅಂತ ಪೂರ್ತಿ ಗೊತ್ತಿರಬಾರದು.

ರಂಗಸ್ಥಳದ ಮುಂದೆ ಕೂತಾಗ ನಿಮಗೆ ಸಿಗುತ್ತಿದ್ದುದು ಇದೇ. ಪ್ರಸಂಗ ಗೊತ್ತು. ಪದ್ಯ ಬಾಯಿಪಾಠ. ಆದರೂ ಇವತ್ತು ಅವರು ಆಲಾಪವನ್ನು ಎಷ್ಟು ಎಳೆಯುತ್ತಾರೆ, ಕುಣಿಯುವವರ ಹುಮ್ಮಸ್ಸು ನೋಡಿ ಅದೇ ಸಾಲಿಗೆ ಎಷ್ಟು ಸಲ ಮರಳಿ ಬರುತ್ತಾರೆ, ಚಂಡೆಯವರು ಎಲ್ಲಿ ಏರಿಸುತ್ತಾರೆ ಅನ್ನುವುದು ಯಾರಿಗೂ ಗೊತ್ತಿಲ್ಲ, ಭಾಗವತರಿಗೂ ಗೊತ್ತಿಲ್ಲ. ಅದೇ ಪದ್ಯದ ರೆಕಾರ್ಡಿಂಗನ್ನು ನೂರು ಸಲ ಕೇಳಿದರೆ ಅವರು ಎಲ್ಲಿ ಉಸಿರು ತೆಗೆದುಕೊಂಡರು, ಹಿಂದೆ ಯಾರು ಕೆಮ್ಮಿದರು ಅನ್ನುವುದೂ ಗೊತ್ತಾಗಿಬಿಡುತ್ತದೆ. ಕಾಯಲು ಏನೂ ಉಳಿಯುವುದಿಲ್ಲ. ಆಮೇಲೆ ಕಿವಿ ಅದನ್ನು ಕೇಳುವುದನ್ನು ನಿಲ್ಲಿಸುತ್ತದೆ, ಗುರುತು ಹಿಡಿದು ಪಕ್ಕಕ್ಕಿಡುತ್ತದೆ. ಭೀಮಸೇನ ಜೋಶಿಯವರ ದನಿಯಲ್ಲಿ ಲಕ್ಷ್ಮಿಯನ್ನು ಕರೆಯುವ ದಾಸರ ಪದ ಇದೆಯಲ್ಲ, ಶುಕ್ರವಾರ ದೇವಸ್ಥಾನದ ಮೈಕಿನಲ್ಲಿ ಬರುವುದು. ಎಂಥ ದೊಡ್ಡ ಗಾಯನ ಅದು! ಪೇಟೆಯಲ್ಲಿ ನಡೆದುಹೋಗುವ ನಮ್ಮಲ್ಲಿ ಎಷ್ಟು ಜನ ಅದನ್ನು ನಿಜವಾಗಿ ಕೇಳುತ್ತೇವೆ?

ಮೊದಲೆಲ್ಲ ಈ ಬಿಡುವು ತಾನಾಗಿ ಸಿಗುತ್ತಿತ್ತು. ದೀಪಾವಳಿ ಕಳೆದು ಹೊರಟ ಮೇಳ ಮಳೆಯ ಹೊತ್ತಿಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಿತ್ತು. ಅಲ್ಲಿಂದ ಐದಾರು ತಿಂಗಳು ಭಾಗವತರ ಸ್ವರ ನೆನಪಿನಲ್ಲಿ ಮಾತ್ರ. ನಮ್ಮಪ್ಪ ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಹೋಗುವಾಗ ಅರ್ಧ ಪದ್ಯ ಗುನುಗಿ, ಮುಂದಿನದು ಸರಿಯಾಗಿ ನೆನಪಾಗದೆ, ತಾವೇ ಏನೋ ಸೇರಿಸಿ ಮುಗಿಸುತ್ತಿದ್ದರು. ಹಾಗೆ ಅರ್ಧಂಬರ್ಧ ಮರೆತ ಪದ್ಯವನ್ನು ಮತ್ತೆ ಆಟದಲ್ಲಿ ಕೇಳಿದಾಗ ಅವರ ಮುಖ ಅರಳುತ್ತಿದ್ದುದನ್ನು ನಾನು ನೋಡಿದ್ದೇನೆ. ಈಗ ಮಳೆಗಾಲದಲ್ಲೂ ಗಾನವೈಭವ, ತಾಳಮದ್ದಳೆ, ಯೂಟ್ಯೂಬಿನಲ್ಲಿ ನೇರಪ್ರಸಾರ. ಕಲಾವಿದರಿಗೆ ಅದರಿಂದ ಅನ್ನ ಸಿಗುತ್ತಿದೆ, ಅದು ಬೇಡ ಅನ್ನಲಾರೆ. ಆದರೆ ಬಿಡುವನ್ನು ಈಗ ಕೇಳುಗರೇ ಮಾಡಿಕೊಳ್ಳಬೇಕು.

ನನಗೂ ಹೀಗಾಗಿತ್ತು. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಒಬ್ಬ ಗಾಯಕಿಯ ಒಂದೇ ಕ್ಯಾಸೆಟ್ಟನ್ನು ಟೇಪು ಸಡಿಲವಾಗುವವರೆಗೆ ಹಾಕಿದೆ. ಪರೀಕ್ಷೆಗೆ ಓದುವಾಗಲೂ ಅದೇ, ಬಟ್ಟೆ ಒಗೆಯುವಾಗಲೂ ಅದೇ. ಒಂದು ದಿನ ಇದ್ದಕ್ಕಿದ್ದಂತೆ ಸಾಕಾಯಿತು. ಆಮೇಲೆ ಹನ್ನೊಂದು ವರ್ಷ ಮುಟ್ಟಲಿಲ್ಲ. ಒಮ್ಮೆ ಹುಬ್ಬಳ್ಳಿ ಬಸ್ಸಿನಲ್ಲಿ, ಯಲ್ಲಾಪುರ ದಾಟಿದ ಮೇಲೆ, ಹಿಂದಿನ ಸೀಟಿನ ಯಾರದೋ ರೇಡಿಯೋದಲ್ಲಿ ಅದೇ ದನಿ ಬಂತು. ಮುಂದಿನ ತಾನ ಹೇಗಿತ್ತು ಅಂತ ನೆನಪಾಗಲಿಲ್ಲ. ಆ ನೆನಪಾಗದ ಒಂದು ಕ್ಷಣದಲ್ಲೇ ಅವರ ಮೇಲಿನ ಆಸೆ ಪೂರ್ತಿ ಮರಳಿತು. ಆದರೆ ಅದೇ ಕಾಲದಲ್ಲಿ ಮೆಚ್ಚಿದ ಇನ್ನೊಬ್ಬ ಗಾಯಕರು ಮತ್ತೆ ಮರಳಲಿಲ್ಲ. ಎರಡು ಮೂರು ಸಲ ಪ್ರಯತ್ನಪಟ್ಟೆ, ಬರಲಿಲ್ಲ, ಬಿಟ್ಟೆ. ಅವರಿಂದ ಕಲಿತದ್ದು ಇವತ್ತಿಗೂ ನನ್ನ ಗಂಟಲಲ್ಲಿದೆ.

ಈಗ ‘ಕರ್ಕಶ’ ಅಂದಿರಲ್ಲ, ಆ ಮಾತಿಗೆ ಬರುತ್ತೇನೆ. ಇಲ್ಲಿ ನನಗೆ ಸ್ವಲ್ಪ ಚಿಂತೆಯಾಗಿದೆ. ಗ್ಯಾರೇಜಿನಲ್ಲಿ ಕಂಪ್ರೆಸರ್, ಗ್ರೈಂಡರ್, ಸೈಲೆನ್ಸರ್ ಬಿಚ್ಚಿದ ಬೈಕಿನ ಸದ್ದು ಇರುತ್ತದೆ. ಅದನ್ನು ಮೀರಿಸಿ ಪದ್ಯ ಕೇಳಬೇಕು ಅಂದರೆ ಸ್ಪೀಕರನ್ನು ಪೂರ್ತಿ ಏರಿಸಿರುತ್ತೀರಿ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರಿಗೆ 85 ಡೆಸಿಬೆಲ್ ಗಡಿ ಅಂತ ಲೆಕ್ಕ. ಅಲ್ಲಿಂದ ಸದ್ದು ಮೂರು ಡೆಸಿಬೆಲ್ ಏರಿದರೆ ಕಿವಿ ತಡೆಯುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಇಂಥ ಸದ್ದಿಗೆ ಮೊದಲು ಪೆಟ್ಟಾಗುವುದು ಸುಮಾರು 4000 ಹರ್ಟ್ಸ್ ಸುತ್ತಮುತ್ತಲಿನ, ಅಂದರೆ ಎತ್ತರದ ಸದ್ದುಗಳ ಕೇಳುವಿಕೆಗೆ. ಹಾಡಿನ ಅಕ್ಷರ ಸ್ಪಷ್ಟವಾಗುವುದು, ದನಿಗೆ ಹೊಳಪು ಬರುವುದು ಬಹಳಷ್ಟು ಅಲ್ಲಿಂದಲೇ. ಪೆಟ್ಟಾದ ಕಿವಿಯದ್ದು ಇನ್ನೊಂದು ತೊಂದರೆ ಇದೆ. ಸಣ್ಣ ಸದ್ದು ಕೇಳುವುದಿಲ್ಲ, ಸ್ವಲ್ಪ ಜೋರಾದರೆ ತಕ್ಷಣ ಚುಚ್ಚುತ್ತದೆ. ಹಾಗಾಗಿ ಏರುಪದ್ಯ, ಚಂಡೆ ಎಲ್ಲ ಕರ್ಕಶವಾಗಿ ಕೇಳಬಹುದು. ಜೊತೆಗೆ ಸಣ್ಣ ಬ್ಲೂಟೂತ್ ಸ್ಪೀಕರನ್ನು ಪೂರ್ತಿ ಏರಿಸಿದರೆ ಎಂಥ ದನಿಯೂ ಒಡೆಯುತ್ತದೆ.

ನಿಮಗೆ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಹೊಸ ಹುಡುಗನ ಪದ್ಯ ಹಿತವಾಗಿ ಕೇಳುತ್ತಿದೆ ಅಂದರೆ ಕಿವಿಗಿಂತ ಮನಸ್ಸಿನ ಪಾಲು ಹೆಚ್ಚಿರಬಹುದು. ಆದರೂ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ನಿಮಗೆ ಹತ್ತಿರವಾದ ಕಿವಿ ಡಾಕ್ಟರ ಬಳಿಯೋ ಒಮ್ಮೆ ಕೇಳುವಿಕೆಯ ಪರೀಕ್ಷೆ ಮಾಡಿಸಿ. ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸದ್ದು ಕೇಳಿಸುತ್ತಾರೆ, ಅಷ್ಟೇ. ನೋವೇನಿಲ್ಲ. ಗ್ರೈಂಡರ್ ಹಿಡಿಯುವಾಗ ಕಿವಿಗೆ ಪ್ಲಗ್ ಹಾಕಿಕೊಳ್ಳುವುದನ್ನು ಮಾತ್ರ ಇವತ್ತೇ ಶುರು ಮಾಡಿ. ಹೋದ ಕೇಳುವಿಕೆ ಮರಳಿ ಬರುವುದಿಲ್ಲ.

ಇನ್ನು, ಅವರೇ ಬದಲಾಗಿದ್ದಾರಾ? ಬದಲಾಗಿರಬಹುದು. ವಯಸ್ಸಾದಂತೆ ಗಂಟಲಿನ ಮೃದ್ವಸ್ಥಿ ಗಟ್ಟಿಯಾಗುತ್ತದೆ, ಸ್ವರತಂತುಗಳ ಬಾಗುವ ಗುಣ ಕಡಿಮೆಯಾಗುತ್ತದೆ, ಉಸಿರು ಮೊದಲಿನಷ್ಟು ನಿಲ್ಲುವುದಿಲ್ಲ. ರಾತ್ರಿ ರಾತ್ರಿ ಹಾಡುವ ಭಾಗವತರಿಗೆ ನಿದ್ದೆಗೇಡೂ ಸೇರುತ್ತದೆ. ಅನುಭವ ಇದ್ದವರು ಶ್ರುತಿ ಸ್ವಲ್ಪ ಇಳಿಸುತ್ತಾರೆ, ಉದ್ದ ಎಳೆತ ಬಿಟ್ಟು ಚಿಕ್ಕ ಚಿಕ್ಕ ಕೆಲಸ ಮಾಡುತ್ತಾರೆ, ಹೊಸ ಧಾಟಿ ಹುಡುಕುತ್ತಾರೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಕತೆ ನಿಮಗೆ ಗೊತ್ತಿರಬಹುದು. ಬಾಲಕನಾಗಿದ್ದಾಗಲೇ ದೇಶದ ತುಂಬ ಹೆಸರು. ಆಮೇಲೆ ಕ್ಷಯ ಹಿಡಿದು ವರ್ಷಗಟ್ಟಲೆ ಹಾಡಲಾಗಲಿಲ್ಲ. 1950ರ ದಶಕದಲ್ಲಿ ಮರಳಿದಾಗ ಒಂದೇ ಶ್ವಾಸಕೋಶದ ಬಲದ ಮೇಲೆ ಹಾಡುತ್ತಿದ್ದರು. ಚಿಕ್ಕ ಚಿಕ್ಕ ತುಣುಕು, ನಡುವೆ ಮೌನ. ಇದು ಸಂಪ್ರದಾಯವಲ್ಲ ಅಂತ ದೂರ ಸರಿದವರು ಇದ್ದರು. ಅದಕ್ಕಾಗಿಯೇ ಪ್ರಾಣ ಬಿಡುವಷ್ಟು ಹಚ್ಚಿಕೊಂಡವರೂ ಇದ್ದರು. ದೂರ ಸರಿದವರೆಲ್ಲ ಕೆಟ್ಟ ಕೇಳುಗರು ಅಂತ ನಾನು ಹೇಳಲಾರೆ. ಅವರು ಮೆಚ್ಚಿದ್ದ ಹಾಡುಗಾರಿಕೆ ನಿಜವಾಗಿಯೂ ಅಲ್ಲಿ ಇರಲಿಲ್ಲ.

ಬದಲಾದದ್ದು ನೀವಾ ಅವರಾ ಅಂತ ತಿಳಿಯಲು ಒಂದು ದಾರಿ ಇದೆ. ಎರಡು ಮೂರು ತಿಂಗಳು ಅವರ ಪದ್ಯ ಪೂರ್ತಿ ಬಿಡಿ. ಆಮೇಲೆ ಒಂದು ರಾತ್ರಿ, ಮನೆಯಲ್ಲಿ, ಒಳ್ಳೆಯ ಹೆಡ್‌ಫೋನಿನಲ್ಲಿ, ಹದಿನೈದು ವರ್ಷದ ಹಿಂದಿನ ಒಂದು ಪದ್ಯ ಮತ್ತು ಹೋದ ವರ್ಷದ ಅದೇ ಪದ್ಯ ಕೇಳಿ. ಹಳೆಯದು ಮುದ ಕೊಟ್ಟು ಹೊಸದು ಕೊಡದಿದ್ದರೆ ಅವರ ಹಾಡುಗಾರಿಕೆ ಬದಲಾಗಿದೆ. ಎರಡೂ ಸಪ್ಪೆ ಅನ್ನಿಸಿದರೆ ನಿಮ್ಮ ಕಿವಿ ಇನ್ನೂ ತುಂಬಿಯೇ ಇದೆ. ಎರಡೂ ಹಿಡಿಸಿದರೆ ಹೇಳುವುದೇ ಬೇಡ.

ಆದರೆ ಹಳೆಯದಕ್ಕೆ ಸ್ವಲ್ಪ ಹೆಚ್ಚಿನ ಬಲ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. 1989ರಲ್ಲಿ ಹಾಲ್‌ಬ್ರುಕ್ ಮತ್ತು ಶಿಂಡ್ಲರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡು ಕೇಳಿಸಿದರು. ಜನ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು ಇಪ್ಪತ್ತಮೂರು, ಇಪ್ಪತ್ತನಾಲ್ಕು ವರ್ಷ ಇದ್ದಾಗ ಬಂದ ಹಾಡುಗಳನ್ನು. ನಿಮ್ಮ ಪತ್ರದ ಲೆಕ್ಕ ಹಾಕಿ ನೋಡಿದೆ. ನೀವು ಈ ಭಾಗವತರನ್ನು ಹಚ್ಚಿಕೊಂಡಾಗ ನಿಮಗೂ ಇಪ್ಪತ್ತಮೂರು! ಬೈಕು, ರಾತ್ರಿಯ ತಂಪು, ಗೆಳೆಯರು, ಬೆಳಗಿನ ಜಾವದ ಚಾ, ಮುಂದೆ ಏನಾಗುತ್ತದೋ ಅನ್ನುವ ಉಮೇದು ಎಲ್ಲ ಆ ದನಿಗೆ ಅಂಟಿಕೊಂಡಿದೆ. ಅಷ್ಟನ್ನೂ ಇವತ್ತಿನ ಒಂದು ಆಟದಲ್ಲಿ ಕೊಡು ಅಂತ ಯಾವ ಭಾಗವತರನ್ನು ಕೇಳಿದರೂ ಅವರಿಂದ ಆಗುವುದಿಲ್ಲ. ಭಾಗವತ ಕಾಳಿಂಗ ನಾವಡರ ಪದ್ಯ ನೆನಪಾದರೆ ನನಗೆ ಈಗಲೂ ಎದೆ ತುಂಬುತ್ತದೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತೆರಡರ ಆಸುಪಾಸು. ಅವರ ದನಿಗೆ ವಯಸ್ಸಾಗಲೇ ಇಲ್ಲ. ಬದುಕಿ, ವಯಸ್ಸಾಗಿ, ಇನ್ನೂ ಹಾಡುತ್ತಿರುವವರನ್ನು ನಾವು ಅವರದೇ ಹಳೆಯ ಕ್ಯಾಸೆಟ್ಟಿನ ಪಕ್ಕ ನಿಲ್ಲಿಸಿ ನೋಡುತ್ತೇವೆ. ಅದು ಅವರಿಗೆ ತುಂಬಾ ಕಷ್ಟದ ಜಾಗ.

ಚೌಕಿಯ ವಿಷಯವನ್ನು ‘ಅದು ಬೇರೆ ವಿಷಯ’ ಅಂತ ಬರೆದಿದ್ದೀರಿ. ಅದು ಬೇರೆ ವಿಷಯವಲ್ಲ ಅಂತ ನನಗೆ ಅನ್ನಿಸುತ್ತದೆ. ಇಪ್ಪತ್ತು ವರ್ಷ ದಿನವೂ ಕಿವಿಯ ಹತ್ತಿರ ಹಾಡಿದ ಮನುಷ್ಯ ನಮ್ಮ ಮನೆಯವನಂತೆ ಆಗಿರುತ್ತಾನೆ. ಅವರಿಗೆ ನೆಗಡಿಯಾದರೆ ಸ್ವರದಲ್ಲೇ ನಿಮಗೆ ಗೊತ್ತಾಗುತ್ತದೆ. ಅವರಿಗೆ ನೀವು ಮಾತ್ರ ರಂಗಸ್ಥಳದ ಬೆಳಕಿನ ಆಚೆ, ಕತ್ತಲಲ್ಲಿ ಕೂತವರು. ಈ ಒಂದು ಕಡೆಯ ಆಪ್ತತೆಯ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದಿದ್ದಾರೆ. ರೇಡಿಯೋ, ಟಿವಿ ಕೇಳಿ ನೋಡುವವರಿಗೆ ಅಲ್ಲಿಯವರು ಸ್ನೇಹಿತರಂತೆ ಆಗಿಬಿಡುವುದನ್ನು ಅವರು ಗಮನಿಸಿದ್ದರು. ಆ ಆಪ್ತತೆ ಸುಳ್ಳೇನಲ್ಲ. ನಿಮ್ಮ ಕಡೆಯಿಂದ ಅದು ಪೂರ್ತಿ ನಿಜ. ಹಾಗಾಗಿ ಗುರುತು ಸಿಗದೆ ಹೋದಾಗ ಆದ ನೋವೂ ನಿಜ. ಅದನ್ನು ನೋವು ಅಂತಲೇ ಒಪ್ಪಿಕೊಳ್ಳಿ. ಒಪ್ಪಿಕೊಳ್ಳದಿದ್ದರೆ ಅದು ‘ಸಿನಿಮಾ ಧಾಟಿ ಜಾಸ್ತಿಯಾಯಿತು’ ಅನ್ನುವ ರೂಪದಲ್ಲಿ ಹೊರಬರುತ್ತದೆ. ಚೌಕಿಯ ಕಡೆಯಿಂದಲೂ ಒಮ್ಮೆ ನೋಡಿ. ಮಧ್ಯರಾತ್ರಿ, ಹಿಂದಿನ ರಾತ್ರಿಯ ನಿದ್ದೆ ಇಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಹಾಡಲು ಕೂರಬೇಕು. ಒಂದು ತಿರುಗಾಟದಲ್ಲಿ ಎಷ್ಟು ಊರು, ಎಷ್ಟು ಮುಖ. ನಮ್ಮಪ್ಪ ಸ್ವಂತ ಷಡ್ಡಕನನ್ನೇ ಚೌಕಿಯಲ್ಲಿ ಗುರುತು ಹಿಡಿಯದೆ ‘ನಮಸ್ಕಾರ, ಯಾವ ಊರಾಯ್ತು?’ ಅಂದಿದ್ದರು. ಆ ಷಡ್ಡಕ ಆರು ತಿಂಗಳು ಮಾತು ಬಿಟ್ಟಿದ್ದರು.

ಗುಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡ್ಮಿನ್ ಆದವರಿಗೆ ಮೆಚ್ಚುವುದು ಒಂದು ಜವಾಬ್ದಾರಿಯಾಗಿಬಿಡುತ್ತದೆ. ಬೇರೆ ಭಾಗವತರ ಅಭಿಮಾನಿಗಳ ಜೊತೆ ವಾದ ಮಾಡಬೇಕು, ಪ್ರತಿ ಆಟಕ್ಕೂ ‘ಅದ್ಭುತ’ ಅನ್ನಬೇಕು, ಇವತ್ತು ಸ್ವಲ್ಪ ಕಳೆಗುಂದಿತ್ತು ಅಂತ ಹೇಳುವ ಹಾಗಿಲ್ಲ. ಹೀಗೆ ಇಲ್ಲ ಅನ್ನಲು ಜಾಗವೇ ಇಲ್ಲದ ಕಡೆ, ಹೌದು ಅನ್ನುವುದೂ ಬೇಸರ ತರಿಸುತ್ತದೆ. ಯಾರಾದರೂ ಉತ್ಸಾಹ ಇರುವವರಿಗೆ ಅಡ್ಮಿನ್ ಕೆಲಸ ಕೊಡಿ. ಕಾರಣ ಹೇಳಬೇಕಾಗಿಲ್ಲ, ಗ್ಯಾರೇಜಿನಲ್ಲಿ ಕೆಲಸ ಜಾಸ್ತಿ ಅನ್ನಿ.

ಹೊಸ ಹುಡುಗನನ್ನು ಕದ್ದು ಕೇಳುತ್ತಿದ್ದೇನೆ ಅಂದದ್ದನ್ನು ಓದಿ ನನಗೆ ಸಮಾಧಾನವೇ ಆಯಿತು. ಯಾವ ಸಂಗೀತವೂ ಬೇಡ, ಊಟ ರುಚಿಸುವುದಿಲ್ಲ, ಗೆಳೆಯರೂ ಬೇಡ ಅಂತ ಬರೆದಿದ್ದರೆ ಡಾಕ್ಟರನ್ನು ನೋಡಿ ಅನ್ನುತ್ತಿದ್ದೆ. ಖಿನ್ನತೆಯಲ್ಲಿ ಹಾಗೆ ಎಲ್ಲದರ ಸೊಗಸೂ ಒಟ್ಟಿಗೆ ಹೋಗುತ್ತದೆ. ನಿಮ್ಮ ಕಿವಿಗೆ ಇನ್ನೂ ಹಸಿವಿದೆ. ಆ ಹುಡುಗನನ್ನು ಬೆಳಕಿನಲ್ಲೇ ಕೇಳಿ. ಒಳ್ಳೆಯ ಪದ್ಯ ಯಾವುದು ಅಂತ ಗುರುತಿಸಲು ನಿಮಗೆ ಕಲಿಸಿದವರು ನಿಮ್ಮ ಹಳೆಯ ಭಾಗವತರೇ ಅಲ್ವಾ? ಅವನ ಆಟ ಹತ್ತಿರದಲ್ಲಿದ್ದರೆ ಹೋಗಿ. ಆದರೆ ಅವನನ್ನು ಗ್ಯಾರೇಜಿಗೆ ತರಬೇಡಿ, ಎರಡು ವರ್ಷದಲ್ಲಿ ಅವನದ್ದೂ ಇದೇ ಗತಿಯಾದೀತು.

ಪ್ರೀತಿ ಮತ್ತೆ ಬರುತ್ತದಾ ಅಂತ ಕೇಳಿದ್ದೀರಿ. ಬರುವ ಸಾಧ್ಯತೆಯೇ ಹೆಚ್ಚು ಅಂತ ನನ್ನ ಅನುಭವ. ಮೊದಲಿನ ಹುಚ್ಚು ಬರಲಿಕ್ಕಿಲ್ಲ. ಸ್ವಲ್ಪ ದೂರದಲ್ಲಿ ಕೂತು ಕೇಳುವಂಥದ್ದು ಬಂದೀತು. ಫೋನಿನ ರೆಕಾರ್ಡಿಂಗುಗಳನ್ನು ಅಳಿಸಬೇಡಿ, ಒಂದು ಪೆನ್‌ಡ್ರೈವಿಗೆ ಹಾಕಿ ಮನೆಯಲ್ಲಿಡಿ. ಮಳೆಗಾಲ ಪೂರ್ತಿ ಬಿಡಿ. ಮೇಳ ಹೊರಟ ಮೇಲೆ ಒಂದು ಆಟಕ್ಕೆ ಹೋಗಿ. ಸ್ಪೀಕರಿನಿಂದ ದೂರ, ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ರೆಕಾರ್ಡ್ ಮಾಡಬೇಡಿ. ಹಿಡಿಸದಿದ್ದರೆ ಚಾ ಕುಡಿದು ಎದ್ದು ಬನ್ನಿ, ಯಾರೂ ಹಾಜರಿ ಹಾಕುವುದಿಲ್ಲ. ಹಿಡಿಸಿದರೆ ಆಟ ಮುಗಿದ ಮೇಲೆ ಚೌಕಿಗೆ ಹೋಗಿ ಊರು, ಹೆಸರು ನೀವೇ ಹೇಳಿ.

ಅಲ್ಲಿಯವರೆಗೆ ಗ್ಯಾರೇಜಿನಲ್ಲಿ ಆಕಾಶವಾಣಿ ಕಾರವಾರ ಹಾಕಿ. ಸಣ್ಣ ದನಿಯಲ್ಲಿ, ಕಂಪ್ರೆಸರ್ ಬಂದ್ ಇದ್ದಾಗ ಮಾತ್ರ. ಮುಂದಿನ ಹಾಡು ಯಾವುದು ಅಂತ ನಿಮಗೆ ಗೊತ್ತಿರುವುದಿಲ್ಲ.